ಪಾಸ್ ಮಾಡು ಅಂದ ಮಾತು

ಮೊರದ ಅಂಚಿಗೆ ಬಂದು ನಿಂತ ಈ ಕರೀದು ಕಲ್ಲೋ, ಕಾಡಿಗೆ ರೋಗ ಹಿಡಿದ ಜೋಳವೋ, ಕಣ್ಣಿಗೆ ಈಗ ಗೊತ್ತಾಗುವುದಿಲ್ಲ, ಬೆರಳಿನಲ್ಲಿ ಒತ್ತಿ ನೋಡಬೇಕು, ಪುಡಿಯಾದರೆ ಜೋಳ, ಆಗದಿದ್ದರೆ ಕಲ್ಲು — ಕಲ್ಲೇ, ಹೋಗು ಅತ್ತ, ಅಂಗಳಕ್ಕೆ ಎಸೆದರೆ ಕೋಳಿ ಓಡಿ ಬಂದು ಕುಕ್ಕಿ ನೋಡಿ ಸಿಟ್ಟಿನಿಂದ ನನ್ನ ಕಡೆ ತಿರುಗುತ್ತದೆ, ಬೈಯಿ, ನೀನಾದರೂ ಬೈಯಿ, ಈ ಓಣಿಯಲ್ಲಿ ಆದೆಮ್ಮನನ್ನು ಬೈಯುವವರೇ ಇಲ್ಲದ ಹಾಗಾಗಿದೆ, ಎಲ್ಲರೂ ಹೊಗಳುತ್ತಾರೆ, ಹೊಗಳಿಕೆ ಎಂಬುದು ಹೊಟ್ಟೆಯಲ್ಲಿ ಅರಗದೆ ಕೂತ ಕಡಬಿನ ಹಾಗೆ, ಇನ್ನೊಮ್ಮೆ ಕೇರು, ಹೊಟ್ಟು ಮುಂದಕ್ಕೆ ಹಾರಲಿ, ಬಗ್ಗಿದಾಗೊಮ್ಮೆ ಉಡಿಯಲ್ಲಿರುವ ಆ ನೀಲಿ ಕಾಗದದ ಮೂಲೆ ಚುಚ್ಚುತ್ತದೆ, ಸಂಕ್ರಾಂತಿಯಿಂದ ಇಟ್ಟುಕೊಂಡಿದ್ದೇನೆ, ಇಷ್ಟೊತ್ತಿಗೆ ಮೆತ್ತಗಾಗಬೇಕಿತ್ತು, ಟ್ರಂಕಿನಲ್ಲಿಟ್ಟೆ, ಜೋಳದ ಡಬ್ಬಿಯಲ್ಲಿಟ್ಟೆ, ದೇವರ ಫೋಟೊದ ಹಿಂದೆ ಇಟ್ಟೆ, ಎಲ್ಲಿಟ್ಟರೂ ಅಲ್ಲಿದೆ ಅನ್ನುವುದು ನನಗೆ ಗೊತ್ತಿರುತ್ತದಲ್ಲ, ಬಚ್ಚಿಟ್ಟವಳೂ ನಾನೇ, ಹುಡುಕುವವಳೂ ನಾನೇ. ಮಗ ಮುದುಕಪ್ಪನಿಗೆ ಬರೆದದ್ದು. ಸಿಕಂದರಾಬಾದಿನ ಶಿಬಿರದಲ್ಲಿದ್ದಾನೆ, ಗಳ ಊರಿ ಎತ್ತರ ಹಾರುವ ಆಟ ಅವನದು, ಪೋಲ್ ವಾಲ್ಟ್ ಅನ್ನುತ್ತಾರೆ, ಹೋದ ವಾರ ಅವನ ಕಾಗದ ಬಂತು, ಓದಿದೆ, ನಾನೇ ಓದಿದೆ, ಒತ್ತಕ್ಷರಕ್ಕೆ ಎಡವುತ್ತ ಓದಿದೆ, ಯವ್ವಾ ಅಮಾಸಿ ಆದ ಮ್ಯಾಲ ಇಲ್ಲಿ ಆಯ್ಕೆ ಇಟ್ಟಾರ, ಇದೇ ಕಡೀದು, ಇದರಾಗೂ ಒಂದು ಎತ್ತರ ದಾಟಲಿಲ್ಲ ಅಂದ್ರ ಗಂಟು ಕಟ್ಟಿ ಮನಿಗಿ ಕಳಿಸ್ತಾರ, ಆದ್ರ ನೀ ಚಿಂತಿ ಮಾಡಬ್ಯಾಡ, ಅವತ್ತು ನೀ ಹೇಳಿದ್ದು ನಾ ಮರ್ತಿಲ್ಲ, ಸಣ್ಣ ಎತ್ತರ ಎಲ್ಲಾ ಪಾಸ್ ಮಾಡ್ತೀನಿ, ದೊಡ್ಡದಕ್ಕ ಹಾರ್ತೀನಿ. ಅವತ್ತು ನೀನು ಹೇಳಿದ್ದು. ನಾನು ಹೇಳಿದ್ದು ಒಂದು, ಅವನು ಕೇಳಿಸಿಕೊಂಡದ್ದು ಇನ್ನೊಂದು, ಅದು ಗೊತ್ತಿರುವುದು ನನಗೊಬ್ಬಳಿಗೆ, ಮತ್ತು ಉಡಿಯಲ್ಲಿರುವ ಈ ಕಾಗದಕ್ಕೆ, ಅಮಾವಾಸ್ಯೆ ಇನ್ನೆಷ್ಟು ದೂರ, ನಸುಕಿನಲ್ಲಿ ಎದ್ದು ಚಂದ್ರ ನೋಡಿದರೆ ಕುಡುಗೋಲಿನ ಹಾಗೆ ಸವೆದಿದ್ದಾನೆ.

ಕೇರು, ಕೈ ನಿಲ್ಲಿಸಬೇಡ, ಇದೇ ಓಣಿಯ ಗುಲ್ಶನ್ ಬೇಗಂ ಬರುವ ಹೊತ್ತಾಯಿತು, ಕರೆಂಟು ಇರುವಷ್ಟರಲ್ಲಿ ಗಿರಣಿಗೆ ಹೋಗಬೇಕು. ಅವನಿಗೆ ಈ ಹುಚ್ಚು ಹತ್ತಿದ್ದು ಹಿರೇಕೊಟ್ನೆಕಲ್ಲಿನಲ್ಲಿ, ನಾವು ಮಾನ್ವಿಗೆ ಬರುವುದಕ್ಕೆ ಮುಂಚೆ, ಗಬ್ಬೂರಿನಿಂದ ಮದುವೆಯಾಗಿ ಬಂದ ನನಗೆ ಕಾಲುವೆ ಅಂದರೆ ಹೆದರಿಕೆ, ನಮ್ಮ ಕಡೆ ಬಾವಿ ಗೊತ್ತು, ಹಳ್ಳ ಗೊತ್ತು, ಹರಿಯುತ್ತಲೇ ಇರುವ ನೀರು ಗೊತ್ತಿರಲಿಲ್ಲ, ಅವನ ಅಪ್ಪ ಬೂದೆಪ್ಪ ತೀರಿಕೊಂಡ ಮೇಲೆ ನಾನು ಭತ್ತ ಹಚ್ಚಲಿಕ್ಕೆ ಹೋದರೆ ಹುಡುಗ ಕಾಲುವೆಯ ಆಚೆ ಶಾಲೆಗೆ, ಸೇತುವೆ ದೂರ, ಸುತ್ತು ಹಾಕಿ ಹೋಗಬೇಕು, ಒಂದು ದಿನ ಗದ್ದೆಯಿಂದ ಸೊಂಟ ಎತ್ತಿ ನೋಡುತ್ತೇನೆ, ಹುಣಸೆ ಬಡಿಯುವ ಗಳ ಹಿಡಿದು ಓಡಿ ಬಂದ, ನೀರಿನ ನಡುವೆ ಊರಿದ, ಎದ್ದ, ಪಾಟಿಚೀಲ ಬೆನ್ನ ಮೇಲೆ ಕುಣಿಯುತ್ತಿದೆ, ಆಚೆ ದಂಡೆಗೆ ಇಳಿದ, ಅಂಗಿಯ ಮೇಲೆ ಒಂದು ಹನಿ ನೀರಿಲ್ಲ. ಸಂಜೆ ಅದೇ ಗಳದಿಂದ ಬಡಿದೆ. ಕಾಲುವ್ಯಾಗ ಬಿದ್ದು ಹೆಣ ಆಗ್ತಿಯೇನಲೇ, ಇದ್ದೊಬ್ಬ ಮಗನ್ನ ನಾ ಎಲ್ಲಿ ಹುಡುಕ್ಲಿ, ರಾಯಚೂರ ತನಕ ಹೋಗ್ಲೇನು ದಂಡಿ ಹಿಡ್ಕೊಂಡು. ಶಾಲೆಯ ವೆಂಕೋಬ ಮಾಸ್ತರರು ಆ ದಾರಿಯಲ್ಲೇ ಬಂದರು, ಸೈಕಲ್ಲು ನಿಲ್ಲಿಸಿದರು, ಬಡೀಬ್ಯಾಡ್ರಿ ಆದೆಮ್ಮ, ಇದು ತುಂಟತನ ಅಲ್ರೀ, ಇದು ಆಟ ಅದ, ಇದಕ್ಕ ಸರ್ಕಾರದವರು ಕಪ್ಪು ಕೊಡ್ತಾರ. ಕಾಲುವಿ ದಾಟಿದ್ದಕ್ಕ ಕಪ್ಪು ಕೊಡ್ತಾರೇನ್ರಿ ಮಾಸ್ತರ, ಹಂಗಾದ್ರ ನಮ್ಮ ಎಮ್ಮಿಗೂ ಒಂದು ಕೊಡಸ್ರಿ, ದಿನಾ ಎರಡು ಸಲ ದಾಟ್ತದ. ಅವರು ನಕ್ಕರು, ಹುಡುಗನೂ ಅಳುತ್ತಲೇ ನಕ್ಕ, ಆಗೆಲ್ಲ ಅವನು ನಗುತ್ತಿದ್ದ, ಅವ್ವ ಅಂದರೆ ಬಡಿಯುವವಳು, ರೊಟ್ಟಿ ಕೊಡುವವಳು, ಏನಾದರೂ ಆದ ಮೇಲೆ ಹೇಳಬೇಕಾದವಳು, ಆಗುವ ಮುಂಚೆ ಕೇಳಬೇಕಾದವಳಲ್ಲ — ಅದೇ ಚೆನ್ನಾಗಿತ್ತು, ಅಲ್ಲ, ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಆಗ ನನಗೆ ಅದೂ ನೋವೇ ಆಗಿತ್ತು, ಎಲ್ಲ ಮಾಸ್ತರರಿಗೆ ಹೇಳುತ್ತಾನೆ, ನನಗೆ ಏನೂ ಹೇಳುವುದಿಲ್ಲ, ನಿನಗ ತಿಳಿಯಂಗಿಲ್ಲ ಬಿಡು ಯವ್ವಾ, ಮಾತೆತ್ತಿದರೆ ಇದೇ, ನಿನಗ ತಿಳಿಯಂಗಿಲ್ಲ. ಮಾಸ್ತರರು ಅವನನ್ನು ರಾಯಚೂರಿಗೆ ಕರೆದುಕೊಂಡು ಹೋದರು, ಬಿದಿರು ಹೋಗಿ ಗಾಜಿನ ನಾರಿನ ಗಳ ಬಂತು, ಗಾಜು ಅಂದ್ರ ಒಡಿಯಂಗಿಲ್ಲೇನಪ್ಪಾ ಎಂದರೆ ಬಾಗ್ತದ ಯವ್ವಾ, ಒಡಿಯಂಗಿಲ್ಲ, ನಿನಗ ತಿಳಿಯಂಗಿಲ್ಲ.

ಹೈದರಾಬಾದಿಗೆ ಹೋದದ್ದು ಯಾವ ವರ್ಷ, ಮಾನ್ವಿಯ ಈ ಓಣಿಗೆ ನಲ್ಲಿ ಬಂದ ವರ್ಷ, ಕಿರಿಯರ ಅಂತರರಾಷ್ಟ್ರೀಯ ಕೂಟ, ಬೇರೆ ಬೇರೆ ದೇಶದ ಹುಡುಗರು, ಮೀಸೆ ಇನ್ನೂ ನೆಟ್ಟಗೆ ಬಾರದವರು, ಮಾಸ್ತರರೇ ಅಂದರು, ಬರ್ರಿ ಆದೆಮ್ಮ, ಒಮ್ಮೆ ಮಗನ ಆಟ ಕಣ್ಣಿಲೆ ನೋಡ್ರಿ. ಬಸ್ಸಿನಲ್ಲಿ ಕಂಡಕ್ಟರು, ಎಲ್ಲಿಗಿ ಯವ್ವಾ, ಮಗ ಹಾರ್ತಾನಪ್ಪಾ ಹೈದರಾಬಾದಿನ್ಯಾಗ, ಹೌದಾ, ಏನು ಹೆಸರು, ಮುದುಕಪ್ಪ, ಯಾತರ ಕೂಟ, ಕಿರಿಯರದ್ದು. ಚೀಟಿ ಹರಿಯುವುದು ಬಿಟ್ಟು ಇಡೀ ಬಸ್ಸಿಗೆ ಕೇಳುವಂತೆ ಅಂದ, ನೋಡ್ರೆಪ್ಪೋ, ಕಿರಿಯರ ಕೂಟಕ್ಕ ನಮ್ಮ ರಾಯಚೂರವ್ರು ಮುದುಕನ್ನ ಕಳಸ್ಯಾರ! ಮುದುಕಪ್ಪ ಮುಖ ಕೆಂಪು ಮಾಡಿಕೊಂಡು ಕಿಟಕಿಯ ಹೊರಗೆ ತಲೆ ಹಾಕಿದ, ನನಗೇ ನಗು, ಮಾವನ ಹೆಸರು ಇಟ್ಟದ್ದು ನಾನೇ. ಆ ಅಂಕಣ ಎಷ್ಟು ದೊಡ್ಡದು, ಒಂದೂರಿನ ಗದ್ದೆಯೆಲ್ಲ ಹಿಡಿಸಬಹುದು, ನನ್ನನ್ನು ಕೂರಿಸಿದ್ದು ತಂತಿಬೇಲಿಯ ಹತ್ತಿರ, ಅವರು ಗಳ ಹಿಡಿದು ಓಡುವ ದಾರಿಯ ಪಕ್ಕದಲ್ಲೇ, ಮಾಸ್ತರರಿಗೆ ಆಚೆ ಬದಿ ಜಾಗ, ಅಲ್ಲಿಂದ ಇಲ್ಲಿಗೆ ಕೂಗಿದರೂ ಕೇಳಿಸುವುದಿಲ್ಲ. ಎರಡು ಕಂಬ, ನಡುವೆ ಒಂದು ಅಡ್ಡಗೋಲು, ಹಿಂದೆ ಗಾದಿ, ಅಂಥ ಗಾದಿಯ ಮೇಲೆ ನಾನು ಜನ್ಮದಲ್ಲಿ ಮಲಗಿಲ್ಲ, ಒಂದೊಂದು ಎತ್ತರಕ್ಕೆ ಮೂರು ಸಲ ಹಾರಬಹುದು, ಮೂರೂ ಸಲ ಕೋಲು ಬಿದ್ದರೆ ಮುಗಿಯಿತು, ಇಷ್ಟು ಮಾಸ್ತರರು ಹೇಳಿಕೊಟ್ಟಿದ್ದರು, ಇಷ್ಟೇ ಹೇಳಿಕೊಟ್ಟಿದ್ದರು. ಮೊದಮೊದಲ ಎತ್ತರಕ್ಕೆ ಜಪಾನಿನ ಹುಡುಗ ಎದ್ದೇಳಲೇ ಇಲ್ಲ, ಟವೆಲ್ಲು ಹೊದ್ದು ಬಾಳೆಹಣ್ಣು ತಿನ್ನುತ್ತ ಕೂತಿದ್ದ, ಅವನ ಸರದಿ ಬಂದಾಗ ಕೈ ಎತ್ತಿದ, ಮೈಕಿನಲ್ಲಿ ಪಾಸ್ ಅಂದರು. ಮತ್ತೊಂದು ಎತ್ತರ, ಮತ್ತೆ ಕೂತಲ್ಲೇ ಕೈ ಎತ್ತಿದ, ಪಾಸ್. ನೋಡು ಅಂದುಕೊಂಡೆ, ದೊಡ್ಡವರ ಮಗ ಇರಬೇಕು, ಕೂತಲ್ಲೇ ಪಾಸು ಮಾಡುತ್ತಿದ್ದಾರೆ, ಮುಖ ನೋಡಿ ಪಾಸು ಮಾಡುವುದು ನಮ್ಮಲ್ಲಷ್ಟೇ ಅಂದುಕೊಂಡಿದ್ದೆ, ಹೊರದೇಶಕ್ಕೂ ಅದೇ ರೋಗ. ನನಗೆ ಗೊತ್ತಿದ್ದದ್ದು ಶಾಲೆಯ ಪಾಸು, ಏಳನೇ ಇಯತ್ತೆ ಪಾಸು, ಹತ್ತನೇ ಇಯತ್ತೆ ನಪಾಸು, ಪಾಸಾದರೆ ಸಕ್ಕರೆ, ನಪಾಸಾದರೆ ದನ ಕಾಯಿ, ಬೇರೆ ಪಾಸು ಒಂದು ಲೋಕದಲ್ಲಿದೆ ಎಂದು ಯಾರು ಕನಸು ಕಂಡಿದ್ದರು.

ಕೊನೆಗೆ ನಾಲ್ಕು ಹುಡುಗರು ಉಳಿದರು, ಕೋಲು ನಾಲ್ಕೂವರೆ ಮೀಟರಿಗೆ ಏರಿತ್ತು, ಜಪಾನಿನವನು ದಾಟಿದ, ಕೊರಿಯಾದವನು ದಾಟಿದ, ಮಲೇಶಿಯಾದ ಹುಡುಗನಿಗೆ ಮೂರೂ ಸಲ ಬಿತ್ತು, ಗಾದಿಯಲ್ಲೇ ಮುಖ ಮುಚ್ಚಿಕೊಂಡು ಮಲಗಿದ, ನನ್ನ ಮಗನಿಗೆ ಎರಡು ಸಲ ಬಿದ್ದಿತ್ತು, ಇನ್ನೊಂದೇ ಸಲ ಇತ್ತು. ಗಾಳಿ ಎದ್ದಿತು, ಓಡುವವನ ಎದೆಗೆ ಒದೆಯುವಂಥ ಗಾಳಿ, ಕಂಬದ ಮೇಲಿನ ಬಾವುಟ ಪಟಪಟ ಅನ್ನುತ್ತಿದೆ, ಕೈಗೆ ಹಚ್ಚಿದ ಬಿಳಿ ಪುಡಿ ಮುಖಕ್ಕೂ ಆಗಿದೆ, ಮಾಸ್ತರರ ಕಡೆ ನೋಡಿದ, ಅವರು ದೂರ, ಗಡಿಯಾರ ಹಿಡಿದ ಸಾಹೇಬರು ಅವಸರ ಮಾಡುತ್ತಿದ್ದಾರೆ, ಅವನು ತಿರುಗಿ ನನ್ನ ಕಡೆ ಬಂದ, ತಂತಿಗೆ ಬೆರಳು ಸಿಗಿಸಿದ, ಯವ್ವಾ. ಏನೋ ನನ್ನಪ್ಪಾ. ಗಾಳಿ ಎದುರಿಗಿ ಬೀಸಾಕತ್ತದ, ಪಾಸ್ ಮಾಡ್ಲೇನು? ಹುಟ್ಟಿದಂದಿನಿಂದ ಮೊದಲ ಸಲ ಏನನ್ನೋ ಮಾಡುವ ಮುಂಚೆ ನನ್ನನ್ನು ಕೇಳಿದ್ದ. ಪಾಸ್ ಮಾಡು ನನ್ನ ಕಂದಾ, ಅದನ್ನೇನು ಕೇಳ್ತಿ, ಪಾಸ್ ಮಾಡಾಕ ಅಲ್ಲೇನು ಇಲ್ಲೀತನ ಬಂದದ್ದು. ಖರೇನ ಅಂತಿಯೇನು? ಖರೇನ ಅಂತೀನಿ, ಗಾಳಿಗೀಳಿಗೆ ಅಂಜಬ್ಯಾಡ, ಎದಿ ಸೆಟಸಿ ಪಾಸ್ ಮಾಡು! ಆಗ ಅವನು ನನ್ನನ್ನು ನೋಡಿದ. ಹಾಗೆ ಯಾವತ್ತೂ ನೋಡಿರಲಿಲ್ಲ, ಮನೆಯಲ್ಲೇ ಇದ್ದ ಮುಚ್ಚಿದ ಕೋಣೆಯ ಬಾಗಿಲು ತೆಗೆದು ಒಳಗೆ ಇಷ್ಟೆಲ್ಲ ಇತ್ತೇ ಎಂದು ನೋಡುವವರ ಹಾಗೆ, ಇವಳಿಗೆ ತಿಳಿಯುತ್ತದೆ, ನಮ್ಮವ್ವನಿಗೆ ತಿಳಿಯುತ್ತದೆ ಎಂಬಂತೆ, ತಲೆ ಆಡಿಸಿದ, ಹೋದ, ಸಾಹೇಬರಿಗೆ ಕೈ ಎತ್ತಿ ಏನೋ ಅಂದ, ಮೈಕು ಕೂಗಿತು, ಮುದುಕಪ್ಪ, ಇಂಡಿಯಾ, ಪಾಸ್. ಅಯ್ಯೋ ನನ್ನ ಸಂತೋಷ! ಎದ್ದು ನಿಂತು ಚಪ್ಪಾಳೆ, ಒಬ್ಬಳೇ, ಇಡೀ ಆ ಬದಿಯಲ್ಲಿ ನನ್ನದೊಂದೇ ಚಪ್ಪಾಳೆ, ಜನ ತಿರುಗಿ ನೋಡಿದರೆ ನನಗೆ ಇನ್ನೂ ಹೆಮ್ಮೆ, ಉಡಿಯಲ್ಲಿದ್ದ ಪುಟಾಣಿ ಸಕ್ಕರೆ ತೆಗೆದು ಪಕ್ಕದ ತೆಲುಗು ಹೆಂಗಸಿನ ಕೈಗೆ ಹಾಕಿದೆ, ಮಾ ಅಬ್ಬಾಯಿ ಪಾಸಯ್ಯಾಡಮ್ಮಾ, ನಮ್ಮ ಹುಡುಗ ಪಾಸಾದನವ್ವಾ ಅಂದೆ, ಆಕೆಯೂ ಬಾಯಿಗೆ ಹಾಕಿಕೊಂಡು ಮಂಚಿದಮ್ಮಾ ಮಂಚಿದಿ, ಒಳ್ಳೇದು ಒಳ್ಳೇದು ಅಂದಳು, ಆಕೆಗೂ ತಿಳಿದಿರಲಿಲ್ಲ, ಪುಣ್ಯವಂತಳು, ಆಕೆ ಮನೆಗೆ ಹೋಗಿ ಮರೆತಿರುತ್ತಾಳೆ. ನನ್ನ ಮಗನೂ ಈಗ ಕೂತಲ್ಲೇ ಪಾಸು ಮಾಡಿಸಿಕೊಳ್ಳುವಷ್ಟು ದೊಡ್ಡವನಾದ ಅಂದುಕೊಂಡು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೋಲು ಮತ್ತೂ ಮೇಲೇರಿತು, ಗಾಳಿ ನಿಲ್ಲಲಿಲ್ಲ, ಓಡಿ ಬಂದ, ಗಳ ಬಾಗಿತು, ಎದ್ದ, ಕಾಲು ಆಕಾಶಕ್ಕೆ, ಹೊಟ್ಟೆ ದಾಟಿತು, ಎದೆ ತಾಗಿತು, ಕೋಲೂ ಅವನೂ ಕೂಡಿ ಗಾದಿಗೆ ಬಿದ್ದರು, ನನಗೆ ದುಃಖವೇ ಆಗಲಿಲ್ಲ, ಪಾಸಂತೂ ಆಗಿದೆ, ಇದು ಕೊಸರಿಗೆ ಹಾರಿದ್ದು, ಬಿದ್ದರೆ ಬಿತ್ತು ಅಂತ ಸಕ್ಕರೆ ನೆಕ್ಕುತ್ತ ಕೂತಿದ್ದೆ.

ಯಾರಬೇ ಅದು, ಗುಲ್ಶನ್ ಅಲ್ಲ, ಗಾಳಿಗೆ ಅಗಳಿ ಸದ್ದಾಯಿತು. ತಿಳಿದದ್ದು ವಾಪಸು ಬರುವಾಗ, ಬಸ್ಸು ಕೃಷ್ಣೆಯ ಸೇತುವೆ ದಾಟುತ್ತಿತ್ತು, ಮುಂದಿನ ಸೀಟಿನಿಂದ ಮಾಸ್ತರರು ತಿರುಗಿದರು, ಆದೆಮ್ಮ, ನಿಮ್ಮ ಎದಿಗಾರಿಕಿ ಮೆಚ್ಚಬೇಕ್ರಿ, ಇದ್ದದ್ದೊಂದು ಅವಕಾಶ, ಅಲ್ಲೇ ಹಾರಿ ದಾಟಿದ್ರ ಮೂರನೇ ಪದಕ ನಮ್ದಿತ್ತು, ಅಷ್ಟು ಎತ್ತರ ರಾಯಚೂರಾಗ ನಿದ್ದಿಗಣ್ಣಿಲೆ ಹಾರ್ತಾನ ಇಂವ, ನಾನಾಗಿದ್ರ ಅದನ್ನ ಬಿಡು ಅಂತ ಅನ್ನಾಕ ಬಾಯಿನ ಬರ್ತಿದ್ದಿಲ್ಲ. ಬಿಡು ಅಂತ ಯಾರು ಅಂದರು ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವರೇ ಮುಂದುವರಿಸಿದರು, ಪಾಸ್ ಮಾಡು ಅಂದ್ರಂತಲ್ಲ, ಈ ಎತ್ತರ ಹಾರೋದ ಬ್ಯಾಡ, ಬಿಟ್ಟು ಮುಂದಿನದಕ್ಕ ಹೋಗು ಅಂತ, ಜಪಾನಿನವ್ರು ಮಾಡೋ ಲೆಕ್ಕ ಅದು, ನೀವು ಎಲ್ಲಿ ಕಲ್ತ್ರಿ? ಪಾಸ್ ಅಂದರೆ ಹಾರದೆ ಬಿಡುವುದು. ಪಾಸ್ ಅಂದರೆ ಬಿಡುವುದು. ನೀರು ಕೆಳಗೆ ಹರಿಯುತ್ತಿದೆ, ಸೇತುವೆಯ ಕಂಬಿಗಳು ಒಂದಾದ ಮೇಲೊಂದು ಕಿಟಕಿಗೆ ಬಡಿಯುವಂತೆ ಬಂದು ಹೋಗುತ್ತಿವೆ, ಆಗಲೇ ಹೇಳಬಹುದಿತ್ತು, ಮಾಸ್ತರ, ನನಗ ಗೊತ್ತಿದ್ದಿಲ್ರಿ, ನಾ ಗೆಲ್ಲು ಅಂದೆ, ನನ್ನ ಬಾಯಿಗಿ ಮಣ್ಣ ಹಾಕ, ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಅವನು ತಿರುಗದೆಯೇ ಅಂದ, ಯವ್ವ ಹೇಳಿದ್ದು ಬರೋಬ್ಬರಿ ಇತ್ತು ಸರ್, ಹಾರೋದು ನನಗ ಬರಲಿಲ್ಲ. ಬಾಯಿ ಮುಚ್ಚಿತು. ಆ ಬಾಯಿ ಇವತ್ತಿನವರೆಗೂ ಮುಚ್ಚಿದೆ. ರಾಯಚೂರಿನಲ್ಲಿ ಸನ್ಮಾನ ಇಟ್ಟರು, ನಾಲ್ಕನೆಯ ಸ್ಥಾನಕ್ಕೂ ಸನ್ಮಾನ, ನಮ್ಮ ಜಿಲ್ಲೆಯಿಂದ ಅಷ್ಟು ದೂರ ಯಾರು ಹೋಗಿದ್ದರು, ನನ್ನನ್ನೂ ವೇದಿಕೆಗೆ ಹತ್ತಿಸಿದರು, ಧೋತರದ ಹಿರಿಯರೊಬ್ಬರು ಮೈಕು ಹಿಡಿದು, ಅಕ್ಷರ ಬಾರದ ಈ ತಾಯಿ ಕೈಗೆ ಬಂದ ಕಂಚನ್ನು ಬಿಟ್ಟು ಮಗನಿಗೆ ಆಕಾಶವನ್ನು ತೋರಿಸಿದಳು ಎಂದು ಗದ್ಗದರಾದರು, ಶಾಲು ಹೊದಿಸಿದರು, ನಾನು ತಲೆಯ ಮೇಲಿನ ಸೆರಗು ಮುಖದ ತನಕ ಎಳೆದುಕೊಂಡೆ, ನೋಡ್ರಿ ಎಂಥಾ ನಾಚಿಕಿ, ಎಂಥಾ ವಿನಯ ಅಂದರು ಜನ. ಸೆರಗಿನ ಒಳಗೆ ನಾನು — ಸುಳ್ಳು ಯಾಕೆ ಹೇಳಲಿ ನನಗೆ ನಾನೇ — ಸೆರಗಿನ ಒಳಗೆ ನನಗೆ ಸಿಹಿಯಾಗಿತ್ತು. ಅದೇ ತಪ್ಪು, ಮಾತು ತಪ್ಪಿದ್ದು ತಪ್ಪಲ್ಲ, ಯಾರು ಬೇಕಾದರೂ ತಪ್ಪುತ್ತಾರೆ, ಆ ಸಿಹಿಯನ್ನು ಇಷ್ಟು ವರ್ಷ ಚೀಪುತ್ತ ಕೂತದ್ದು ತಪ್ಪು. ಓಣಿಯವರೆಲ್ಲ ಬಂದು ಕೇಳತೊಡಗಿದರು, ಆದೆಮ್ಮ, ಬಾವಿ ಈ ಬದೀಗಿ ತೋಡೋಣೋ ಆ ಬದೀಗೋ, ಆದೆಮ್ಮ, ಹುಡುಗಿಯನ್ನ ಸಿಂಧನೂರಿಗಿ ಕೊಡೋಣೋ ಬ್ಯಾಡೋ, ಗುಲ್ಶನ್ ಬೇಗಂ ತನ್ನ ಮಗಳು ಜಾಹೆದಾಳನ್ನು ಟೀಚರ್ ಟ್ರೇನಿಂಗಿಗೆ ಕಳಿಸುವ ಮುಂಚೆ ನನ್ನನ್ನೇ ಕೇಳಿದಳು, ಕಳಿಸು ಅಂದೆ, ನೌಕರಿ ಸಿಕ್ಕಿತು, ಇನ್ನೇನು, ಆದೆಮ್ಮನ ನಾಲಿಗೆಗೆ ದೇವರು ಬಂದು ಕೂತ.

ಇವೆಲ್ಲ ಇರಲಿ, ಹೋಗಲಿ, ಅವನು ಅದನ್ನೇ ಹಿಡಿದುಬಿಟ್ಟನಲ್ಲ. ಗುಲಬರ್ಗಾಕ್ಕೆ ಹೋದ, ಕೆಳಗಿನ ಎತ್ತರ ಬಿಟ್ಟ, ದೊಡ್ಡದಕ್ಕೆ ಹಾರಿದ, ಮೂರೂ ಸಲ ಬಿತ್ತು, ಹೆಸರಿನ ಮುಂದೆ ಒಂದು ಎತ್ತರವೂ ಇಲ್ಲದೆ ಬಂದ. ಬಳ್ಳಾರಿಗೆ ಹೋದ, ಅದೇ. ಒಮ್ಮೊಮ್ಮೆ ದಾಟುತ್ತಾನೆ, ದಾಟಿದ ದಿನ ಎಲ್ಲರಿಗಿಂತ ಮೇಲೆ ಇರುತ್ತಾನೆ, ಅದಕ್ಕೇ ಶಿಬಿರದವರು ಇಟ್ಟುಕೊಂಡದ್ದು, ದಾಟದ ದಿನ ಏನೂ ಇಲ್ಲ, ಮಾಸ್ತರರೇ ಈಗ ಬೇಡಿಕೊಳ್ಳುತ್ತಾರಂತೆ, ಮುದುಕಪ್ಪಾ, ಮದಲ ಒಂದು ಸಣ್ಣದು ಹಾರಿ ಹೆಸರು ಬರಸೋ, ಆಮ್ಯಾಲ ಬೇಕಾದ್ದು ಮಾಡು, ಇವನದು ಒಂದೇ ಮಾತು, ನಮ್ಮವ್ವ ಹೇಳ್ಯಾಳ. ಕಾಗದ ಬಂದರೆ ಜಾಹೆದಾ ಓದುತ್ತಿದ್ದಳು, ಈ ಸಲನೂ ಪಾಸ್ ಮಾಡ್ದೆ ಯವ್ವಾ, ಬಿತ್ತು, ನಿನ್ನ ಮಾತು ಉಳಸಾಕ ಆಗಲಿಲ್ಲ, ಮುಂದ ಉಳಸ್ತೀನಿ, ಆ ಹುಡುಗಿ ಓದಿ ಕಣ್ಣಲ್ಲಿ ನೀರು ತಂದುಕೊಂಡು ಅನ್ನುತ್ತಿದ್ದಳು, ಖಾಲಾ, ನಿಮ್ಮ ಮಗನಂಥವ್ರು ಸಾವಿರಕ್ಕ ಒಬ್ಬ್ರು, ಉತ್ತರ ಏನು ಬರೀಲಿ? ಏನು ಬರೆಸಲಿ ಅವಳ ಕೈಯಿಂದ, ಅವಳು ಬರೆದರೆ ಗುಲ್ಶನ್‌ಗೆ ಗೊತ್ತಾಗುತ್ತದೆ, ಗುಲ್ಶನ್‌ಗೆ ಗೊತ್ತಾದರೆ ನಲ್ಲಿಗೆ ಗೊತ್ತಾಗುತ್ತದೆ, ಆರಾಮ ಇದ್ದೀನಿ ಅಂತ ಬರಿಯವ್ವ, ಮೈ ಕಡಿ ನೋಡ್ಕೋ ಅಂತ ಬರಿ. ಅದಕ್ಕೇ ಸಂಜೆಯ ಶಾಲೆಗೆ ಹೋದದ್ದು, ಮಗನ ಕಾಗದ ನಾನೇ ಓದಬೇಕು ಎಂದು ಎಲ್ಲರಿಗೂ ಹೇಳಿದೆ, ಖರೆ ಅದಲ್ಲ, ಇದೊಂದು ಮಾತನ್ನು ಯಾರ ಕೈಯೂ ತಾಗಿಸದೆ ಬರೆಯಬೇಕಿತ್ತು. ಗ್ಯಾಸಬತ್ತಿಯ ಬೆಳಕು, ನನ್ನ ಮಗಳಾಗುವಷ್ಟು ವಯಸ್ಸಿನ ಯಮನಮ್ಮ ಟೀಚರು ಹಲಗೆಯ ಮೇಲೆ ಬರೆಯುತ್ತಾಳೆ, ನನ್ನ ಬೆರಳು ಕಳೆ ತೆಗೆಯುವ ಕುರ್ಪಿಗೆ ಒಗ್ಗಿದ್ದು, ಬಳಪ 'ಅ'ಕಾರ ಸುತ್ತುವಷ್ಟರಲ್ಲಿ ಮುರಿಯುತ್ತದೆ, ಸ್ವಲ್ಪ ಬಂದ ಮೇಲೆ ನಾನು ಪಾಟಿಯ ತುಂಬ ಒಂದೇ ಬರೆದೆ, ಪಾಸು ಪಾಸು ಪಾಸು, ಯಮನಮ್ಮ ಬಗ್ಗಿ ನೋಡಿ ನಕ್ಕಳು, ಯವ್ವಾ, ಎಲ್ಲಾರೂ ಮದಲ ತಮ್ಮ ಹೆಸರು ಕಲೀತಾರ, ನಿಮಗ ಪರೀಕ್ಷಾದ್ದು ಇಷ್ಟು ಅವಸರ ಏನ್ರೀ? ಪರೀಕ್ಷೆಯೂ ಆಯಿತು, ಆದೆಮ್ಮ ಪಾಸು ಎಂದು ಚಾವಡಿಯ ಮುಂದೆ ಕೂಗಿದರು, ಗುಲ್ಶನ್ ಬಾಯಿಗೆ ಸಕ್ಕರೆ ಹಾಕಿದಳು, ಮನೆಯ ಹಿಂದೆ ಹೋಗಿ ಉಗುಳಿ ಬಂದೆ. ಆಮೇಲೂ ಬರೆಯಲಿಲ್ಲ. ಅಕ್ಷರ ಸೊಟ್ಟಾಗುತ್ತದೆ ಅಂದೆ, ಇಳಿಹೊತ್ತಾಯಿತು ಅಂದೆ, ಕಣ್ಣು ಮಂಜು ಅಂದೆ, ಬರೆದ ಮೇಲೆ ಪೋಸ್ಟಿನ ಬಂದೇನವಾಜ್ ರಜೆಯಲ್ಲಿದ್ದಾನೆ ಅಂದೆ, ಅವನು ರಜೆಯಲ್ಲಿದ್ದರೆ ಡಬ್ಬಿಯೇನು ರಜೆಯಲ್ಲಿತ್ತೇ. ಭಯ ಬೇರೆ ಇತ್ತು. ಕಾಗದ ಓದಿದ ಮೇಲೆ ಅವನು ಮತ್ತೆ ಹಳೇ ಕಣ್ಣಿನಿಂದ ನೋಡುತ್ತಾನೆ, ನಿನಗ ತಿಳಿಯಂಗಿಲ್ಲ ಬಿಡು ಯವ್ವಾ, ಆ ಕೋಣೆಯ ಬಾಗಿಲು ಮುಚ್ಚುತ್ತದೆ, ಒಳಗೆ ಏನೂ ಇರಲಿಲ್ಲ ಎಂದು ಗೊತ್ತಾಗುತ್ತದೆ, ಒಂದು ನೋಟ ಉಳಿಸಿಕೊಳ್ಳುವುದಕ್ಕೆ ಮಗನನ್ನು ಮತ್ತೆ ಮತ್ತೆ ಅಷ್ಟು ಎತ್ತರದಿಂದ ಬೀಳಿಸಿದವಳು ನಾನು, ಕಾಲುವೆಗೆ ಬಿದ್ದೀಯೆಂದು ಬಡಿದವಳೂ ನಾನೇ.

ಆದೆಮ್ಮಾ, ಏ ಆದೆಮ್ಮಾ, ಜೋಳ ಹಸನು ಮಾಡಾಕತ್ತಿಯೋ ಮುತ್ತು ಪೋಣಸಾಕತ್ತಿಯೋ, ಕರೆಂಟು ಹೋಗ್ತದ ಬಾರವ್ವಾ! ಗುಲ್ಶನ್ ಬೇಗಂ, ತಲೆಯ ಮೇಲೆ ಗೋದಿಯ ಡಬ್ಬಿ, ಬಂದೆನೇ ಬಂದೆ, ಚೀಲಕ್ಕೆ ತುಂಬಿ ಹೊತ್ತೆ, ಅವಳು ದಾರಿಯುದ್ದಕ್ಕೂ ಮಾತಾಡುತ್ತಾಳೆ, ನಾನು ಹೂಂ ಅನ್ನುತ್ತೇನೆ, ನಡೆಯುವಾಗ ಕಾಗದ ಚುಚ್ಚುವುದಿಲ್ಲ, ನಿಂತರೆ ಚುಚ್ಚುತ್ತದೆ, ಗಿರಣಿಯಲ್ಲಿ ಪಾಳಿ ಉದ್ದ ಇದೆ, ಹಿಟ್ಟು ಹಾರಿ ಎಲ್ಲರ ಹುಬ್ಬು ಬೆಳ್ಳಗಾಗಿದೆ, ಗುಲ್ಶನ್ ಕಿವಿಯ ಹತ್ತಿರ ಕೂಗುತ್ತಾಳೆ, ಆದೆಮ್ಮಾ, ಒಂದು ಮಾತು ಕೇಳಬೇಕಿತ್ತು ನೋಡು, ಜಾಹೆದಾಗ ಕೇಳ್ಯಾರ, ಲಿಂಗಸೂರಿನ ಹುಡುಗಗ ನೌಕರಿ ಅದ, ವರದಕ್ಷಿಣಿ ಏನೂ ಬ್ಯಾಡ ಅಂತಾರ, ಆದ್ರ ನಮ್ಮವ್ರು ಇನ್ನಾ ದೊಡ್ಡ ಮನಿ ಬರ್ತದ ತಡಿ ಅಂತಾರ, ನೀ ಏನಂತಿ, ಇದನ್ನ ಬಿಟ್ಟು ಮುಂದಿನದು ನೋಡೋಣಲ್ಲ? ನಿನ್ನ ಮಗಗ ಹೇಳಿದ್ಯಲ್ಲ, ಹಂಗ? ಗಿರಣಿಯ ಪಟ್ಟ ತಿರುಗುತ್ತಿದೆ, ಹುಡುಗಿಯ ಮುಖ ನೆನಪಾಯಿತು, ಕಾಗದ ಓದಿ ಕಣ್ಣೀರು ತಂದುಕೊಂಡ ಮುಖ, ಮೊನ್ನೆ ನಲ್ಲಿಯ ಹತ್ತಿರ ಲಿಂಗಸೂರಿನ ಹುಡುಗನ ಸುದ್ದಿ ಬಂದಾಗ ದುಪಟ್ಟಾದ ತುದಿ ಸುತ್ತುತ್ತ ಸುಮ್ಮನೆ ನಕ್ಕಿದ್ದಳಲ್ಲ, ಈಗ ಅವಳೂ ನನ್ನ ನಾಲಿಗೆಯ ಮೇಲೆ, ಅವಳನ್ನೂ ಬಿಡು ಅನ್ನಲೇ, ಹಾರಬೇಡ ಅನ್ನಲೇ. ಗುಲ್ಶನ್, ನನ್ನ ಕೇಳಬ್ಯಾಡ. ಯಾಕ? ನನಗ ತಿಳಿಯಂಗಿಲ್ಲ. ಹಾಂ? ಗಿರಣಿಯ ಸದ್ದಿಗೆ ಕೇಳಿಸಲಿಲ್ಲ ಅವಳಿಗೆ, ಕೂಗಿದೆ, ಗಂಟಲು ಹರಿಯುವಂತೆ ಕೂಗಿದೆ, ನನಗ ತಿಳಿಯಂಗಿಲ್ಲಬೇ! ನನಗ ಅವತ್ತೂ ತಿಳೀತಿದ್ದಿಲ್ಲ! ಜಾಹೆದಾನ್ನ ಕೇಳು! ಪಾಳಿಯವರೆಲ್ಲ ಬೆಳ್ಳಗಿನ ಹುಬ್ಬು ಎತ್ತಿ ನೋಡಿದರು, ಗುಲ್ಶನ್ ಬಾಯಿ ಬಿಟ್ಟು, ಯಾ ಅಲ್ಲಾ, ಏನಾತು ಈಕೀಗೆ, ಚೀಲ ಅವಳ ಕಾಲಬುಡದಲ್ಲಿಟ್ಟೆ, ನನ್ನ ಪಾಳಿ ನೋಡ್ಕೋ, ಬಂದೆ.

ಬಿಸಿಲು, ಬಸ್‌ಸ್ಟ್ಯಾಂಡು, ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ, ಕಾಲು ಬೇಗ ಬೇಗ ಬೀಳುತ್ತಿವೆ, ವಯಸ್ಸಾದ ಕಾಲು ಹೀಗೆ ಓಡುತ್ತವೆಂದು ಗೊತ್ತಿರಲಿಲ್ಲ, ಪೋಸ್ಟಿನ ಮುಂದೆ ಬಂದೇನವಾಜ್ ಡಬ್ಬಿಯ ಬಾಗಿಲು ತೆರೆದು ಕಾಗದಗಳನ್ನು ಚೀಲಕ್ಕೆ ಸುರಿಯುತ್ತಿದ್ದಾನೆ, ರಾಯಚೂರಿನ ಬಸ್ಸು ಹಾರ್ನು ಹೊಡೆಯುತ್ತಿದೆ, ನಿಲ್ಲಪ್ಪಾ, ನಿಲ್ಲು. ಏನು ಯವ್ವಾ, ಮಗಗೇನು? ಹೂನಪ್ಪ. ಕೊಡು ಕೊಡು, ಜಲ್ದಿ, ಇವತ್ತಿನ ಟಪಾಲಿಗಿ ಹೋದ್ರ ಅಮಾಸಿ ಮುಂಚೆ ಮುಟ್ತದ, ಏನು ಬರ್ದೀದಿ, ಇನ್ನಾ ಮ್ಯಾಲ ಹಾರು ಅಂತಾ? ನಕ್ಕ. ಉಡಿಯಿಂದ ತೆಗೆದೆ, ಮೈಯ ಬೆವರಿಗೆ ನೀಲಿ ಬಣ್ಣ ಒಂದು ಕಡೆ ಕಪ್ಪಾಗಿದೆ, ಒಳಗೆ ಇರುವುದು ನನಗೆ ಬಾಯಿಪಾಠ, ಮುದುಕಪ್ಪಾ, ಪಾಸು ಅಂದ್ರ ಗೆಲ್ಲೂದು ಅಂತ ತಿಳಕೊಂಡಿದ್ದೆ, ಬಿಡೂದು ಅಂತ ಗೊತ್ತಿದ್ದಿಲ್ಲ, ನಾ ಗೆಲ್ಲು ಅಂದೆ, ನೀ ಬಿಟ್ಟಿ, ತಪ್ಪು ನಂದು, ನನಗ ಆಟ ತಿಳಿಯಂಗಿಲ್ಲ, ಮದಲ ಸಣ್ಣ ಎತ್ತರ ಹಾರು. ಬಂದೇನವಾಜ್ ಹಿಡಿದು ಎಳೆದ, ಬರಲಿಲ್ಲ, ನನ್ನ ಬೆರಳು ಬಿಟ್ಟಿರಲಿಲ್ಲ. ಬಿಡು ಯವ್ವಾ, ಹರೀತದ. ಬಿಟ್ಟೆ. ಚೀಲದೊಳಗೆ ಬಿತ್ತು, ಬೇರೆ ಕಾಗದಗಳ ನಡುವೆ ಕಾಣಲಿಲ್ಲ, ಬಾಯಿಗೆ ಹಗ್ಗ ಬಿಗಿದ, ಬಸ್ಸಿನ ಮೆಟ್ಟಿಲ ಮೇಲೆ ಎಸೆದ, ಹೋಯಿತು, ಧೂಳು, ಗುಲ್ಶನ್ ದೂರದಿಂದ ಕೂಗುತ್ತಿದ್ದಾಳೆ, ನಾನು ನಿಂತೇ ಇದ್ದೇನೆ, ಸಿಕಂದರಾಬಾದಿನ ಆ ಬಯಲು ನಾನು ನೋಡಿಲ್ಲ, ಆದರೂ ಅಲ್ಲಿ ಅವನು ನಿಂತಿದ್ದಾನೆ, ಕಾಗದ ಒಡೆದಿದ್ದಾನೆ, ನನ್ನ ಸೊಟ್ಟ ಅಕ್ಷರ, ಬೇರೆ ಯಾರ ಕೈಯೂ ಅಲ್ಲ ಇದು, ಅವ್ವನದೇ ಎಂದು ಗುರುತು ಹಿಡಿದಿದ್ದಾನೆ, ಕೊನೆಯ ಸಾಲಿನ ತನಕ ಬಂದಿದ್ದಾನೆ, ಬಾಯಿ ತೆರೆದಿದ್ದಾನೆ, ನಗುವುದಕ್ಕೋ, ಬಡಿಸಿಕೊಂಡ ದಿನ ನಕ್ಕನಲ್ಲ ಹಾಗೆ ನಗುವುದಕ್ಕೋ, ಅಥವಾ — ಕಾಣುವುದಿಲ್ಲ, ಮುಂದೆ ಕಾಣುವುದಿಲ್ಲ, ಕಾಗದ ಕೈಯಲ್ಲಿದೆ, ಬಾಯಿ ತೆರೆದಿದ್ದಾನೆ, ಬಾಯಿ ತೆರೆದಿದ್ದಾನೆ